33550336ರ ವರ್ಗೀಕರಣ: ಯಾವ ಗುಣ ಎಲ್ಲಿಂದ ಬರುತ್ತದೆ?

ಅಂಕಮಾಲೆ

ಐದನೆಯ ಪರಿಪೂರ್ಣ ಸಂಖ್ಯೆಯಾದ 33550336ರ ಬಗ್ಗೆ, ಅಂದರೆ ಮೂರು ಕೋಟಿ ಮೂವತ್ತೈದು ಲಕ್ಷ ಐವತ್ತು ಸಾವಿರದ ಮುನ್ನೂರ ಮೂವತ್ತಾರರ ಬಗ್ಗೆ, ಸ್ವಲ್ಪ ನಿಧಾನವಾಗಿ ಚರ್ಚೆ ನಡೆಯಲಿ ಎಂದು ಈ ಎಳೆಯನ್ನು ಆರಂಭಿಸುತ್ತಿದ್ದೇನೆ. ತನ್ನನ್ನು ಬಿಟ್ಟು ಉಳಿದ ಎಲ್ಲ ಭಾಜಕಗಳನ್ನು ಕೂಡಿದಾಗ ಅದೇ ಸಂಖ್ಯೆ ಮರಳಿ ಬಂದರೆ ಅದು ಪರಿಪೂರ್ಣ. 6, 28, 496 ಮತ್ತು 8128 ಇದಕ್ಕಿಂತ ಮೊದಲಿನ ನಾಲ್ಕು.

ಸಂಖ್ಯೆಗಳ ಗುಣಗಳನ್ನು ಪಟ್ಟಿ ಮಾಡುವ ಕೋಷ್ಟಕಗಳಲ್ಲಿ ಈ ಸಂಖ್ಯೆಯ ಎದುರು ಹೆಸರುಗಳು ಸಾಲುಗಟ್ಟಿ ನಿಂತಿರುತ್ತವೆ. ಇದು ತ್ರಿಕೋನ ಸಂಖ್ಯೆ, ಷಡ್ಭುಜ ಸಂಖ್ಯೆ, ಹರಾತ್ಮಕ ಭಾಜಕ ಸಂಖ್ಯೆ, ಪ್ರಾಕ್ಟಿಕಲ್ ಸಂಖ್ಯೆ, ಪರ್ನಿಷಿಯಸ್ ಸಂಖ್ಯೆ. ಇದು ಎರಡು ವರ್ಗಗಳ ಮೊತ್ತವಲ್ಲ, ಮೂರು ವರ್ಗಗಳ ಮೊತ್ತವೂ ಅಲ್ಲ. ಹ್ಯಾಪಿ ಸಂಖ್ಯೆಯಲ್ಲ, ಕಾಪ್ರೇಕರ್ ಹೆಸರಿಟ್ಟ ಹರ್ಷದ ಸಂಖ್ಯೆಯೂ ಅಲ್ಲ. ಇದರ ಅಂಕಿಗಳ ಮೊತ್ತ 28, ಅದು ಸ್ವತಃ ಇನ್ನೊಂದು ಪರಿಪೂರ್ಣ ಸಂಖ್ಯೆ.

ಪಟ್ಟಿ ಉದ್ದವಾದಷ್ಟೂ ನನಗೆ ಅನುಮಾನ ಹೆಚ್ಚಾಗುತ್ತದೆ. ಇವೆಲ್ಲ ಪರಸ್ಪರ ಸ್ವತಂತ್ರವಾದ ಗುಣಗಳೇ, ಅಥವಾ ಒಂದೇ ಸಂಗತಿಯನ್ನು ಹತ್ತು ಹೆಸರುಗಳಲ್ಲಿ ಹೇಳುತ್ತಿದ್ದೇವೆಯೇ? ಯಾವುದು ನಿಜಕ್ಕೂ ಈ ಸಂಖ್ಯೆಯ ವೈಶಿಷ್ಟ್ಯ, ಯಾವುದು ಕೇವಲ ಹತ್ತರ ಆಧಾರದಲ್ಲಿ ಬರೆಯುವ ನಮ್ಮ ರೂಢಿಯ ಫಲ? ದಯವಿಟ್ಟು ಹೆಸರು ಹೇಳಿ ಸುಮ್ಮನಾಗದೆ ಕಾರಣವನ್ನೂ ಕೊಡಿ.

ಎರಡರ ಘಾತ

ಅಪವರ್ತನದಿಂದಲೇ ಶುರುಮಾಡೋಣ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

33550336 = 2¹² × 8191

ಇಲ್ಲಿ 8191 ಎಂಬುದು 2¹³ − 1, ಮತ್ತು ಅದು ಅವಿಭಾಜ್ಯ. ಹಾಗಾಗಿ ಭಾಜಕಗಳು ಎರಡು ಸಾಲುಗಳಲ್ಲಿ ನಿಲ್ಲುತ್ತವೆ. ಮೊದಲ ಸಾಲಿನಲ್ಲಿ 1, 2, 4 ಎಂದು 4096ರವರೆಗೆ ಹದಿಮೂರು. ಎರಡನೆಯ ಸಾಲಿನಲ್ಲಿ ಅವನ್ನೇ 8191ರಿಂದ ಗುಣಿಸಿದಾಗ ಸಿಗುವ 8191, 16382, 32764 ಎಂದು 33550336ರವರೆಗೆ ಇನ್ನು ಹದಿಮೂರು. ಒಟ್ಟು 26. ಮೊದಲ ಸಾಲಿನ ಮೊತ್ತ 8191. ಎರಡನೆಯದರ ಮೊತ್ತ 8191 × 8191, ಅಂದರೆ 67092481. ಎರಡನ್ನೂ ಕೂಡಿದರೆ 67100672, ಇದು ನಮ್ಮ ಸಂಖ್ಯೆಯ ಸರಿಯಾಗಿ ಎರಡರಷ್ಟು. ಪರಿಪೂರ್ಣತೆ ಎಂದರೆ ಇಷ್ಟೇ. ಎರಡನೆಯ ಅಪವರ್ತನ ಹೀಗೆ ಅವಿಭಾಜ್ಯವಾಗಿದ್ದರೆ ಈ ವಿನ್ಯಾಸದ ಸಂಖ್ಯೆಗಳೆಲ್ಲ ಪರಿಪೂರ್ಣವೆಂದು ಯೂಕ್ಲಿಡ್ ತನ್ನ ಒಂಬತ್ತನೆಯ ಸಂಪುಟದ 36ನೇ ಪ್ರಮೇಯದಲ್ಲಿ ಸಾಧಿಸಿದ. ಸಮ ಪರಿಪೂರ್ಣ ಸಂಖ್ಯೆಗಳು ಈ ವಿನ್ಯಾಸದ ಹೊರಗೆ ಇಲ್ಲವೇ ಇಲ್ಲ ಎಂಬುದನ್ನು ಸಾಧಿಸಲು ಸುಮಾರು ಎರಡು ಸಾವಿರ ವರ್ಷಗಳ ನಂತರ ಆಯ್ಲರ್ ಬರಬೇಕಾಯಿತು.

‘ಹರಾತ್ಮಕ ಭಾಜಕ ಸಂಖ್ಯೆ’ ಎಂಬ ಹೆಸರು ಇದರ ನೇರ ಪರಿಣಾಮ. ಭಾಜಕಗಳ ವ್ಯುತ್ಕ್ರಮಗಳನ್ನೆಲ್ಲ ಕೂಡಿದರೆ 67100672 ÷ 33550336, ಅಂದರೆ 2 ಬರುತ್ತದೆ. ಭಾಜಕಗಳ ಎಣಿಕೆಯಾದ 26ನ್ನು ಆ 2ರಿಂದ ಭಾಗಿಸಿದರೆ ಹರಾತ್ಮಕ ಮಾಧ್ಯ 13, ಪೂರ್ಣಾಂಕ. ಎಲ್ಲ ಪರಿಪೂರ್ಣ ಸಂಖ್ಯೆಗಳಿಗೂ ಹೀಗೆ ಪೂರ್ಣಾಂಕವೇ ಬರುತ್ತದೆಂದು ಗಣಿತಜ್ಞ ಓರೆ 1948ರಲ್ಲಿ ತೋರಿಸಿದರು. ಆದ್ದರಿಂದ ಈ ಹೆಸರು ನಮ್ಮ ಸಂಖ್ಯೆಯ ಬಗ್ಗೆ ಹೊಸದೇನನ್ನೂ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ದ್ವಿಮಾನ ಪದ್ಧತಿಯಲ್ಲಿ ಬರೆದರೆ ಹದಿಮೂರು ಒಂದುಗಳು, ಅವುಗಳ ಬೆನ್ನಿಗೆ ಹನ್ನೆರಡು ಸೊನ್ನೆಗಳು:

1111111111111000000000000

ದ್ವಿಮಾನದಲ್ಲಿ ಒಂದುಗಳ ಎಣಿಕೆ ಅವಿಭಾಜ್ಯವಾಗಿದ್ದರೆ ಆ ಸಂಖ್ಯೆಯನ್ನು ಪರ್ನಿಷಿಯಸ್ ಎನ್ನುತ್ತಾರೆ. ಇಲ್ಲಿ ಎಣಿಕೆ 13.

ಶೇಷ

ಮೇಲಿನ ಸದಸ್ಯರು 8191 ಅವಿಭಾಜ್ಯ ಎಂದು ಒಂದೇ ಮಾತಿನಲ್ಲಿ ದಾಟಿಬಿಟ್ಟರು. ಅದನ್ನು ಪರೀಕ್ಷಿಸುವುದು ಎಷ್ಟು ಸುಲಭವೆಂದು ತೋರಿಸಬೇಕೆನಿಸಿತು. 8191ರ ವರ್ಗಮೂಲ 90ಕ್ಕಿಂತ ತುಸು ಹೆಚ್ಚು. ಆದ್ದರಿಂದ ಸಾಮಾನ್ಯ ಕ್ರಮದಲ್ಲಿ 89ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಆದರೆ 2¹³ − 1ರ ಯಾವುದೇ ಅವಿಭಾಜ್ಯ ಭಾಜಕವನ್ನು 26ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. 90ರೊಳಗೆ ಅಂಥ ಅವಿಭಾಜ್ಯಗಳು 53 ಮತ್ತು 79 ಮಾತ್ರ. ಜೊತೆಗೆ ಆ ಭಾಜಕವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಆಗಿರಬೇಕು. 53ಕ್ಕೆ ಶೇಷ 5, ಹಾಗಾಗಿ ಅದೂ ಹೊರಗೆ. ಉಳಿದದ್ದು 79 ಒಂದೇ. 79 × 103 = 8137; 8191ಕ್ಕೆ ಇನ್ನೂ 54 ಬಾಕಿ. ಒಂದೇ ಒಂದು ಭಾಗಾಕಾರದಿಂದ ಕೆಲಸ ಮುಗಿಯಿತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. 8128 ಎಂದರೆ 2⁶ × (2⁷ − 1); ಆವರಣದೊಳಗಿನ ಘಾತಾಂಕ ಅದಕ್ಕೆ 7, ನಮ್ಮ ಸಂಖ್ಯೆಗೆ 13. ನಡುವಿನ ಅವಿಭಾಜ್ಯವಾದ 11 ಏಕೆ ಬಿಟ್ಟುಹೋಯಿತು? 2¹¹ − 1 = 2047 = 23 × 89, ಅದು ಅವಿಭಾಜ್ಯವಲ್ಲ. ಈ ಅಪವರ್ತನವನ್ನು 1536ರಲ್ಲಿ ಹುಡಾಲ್ರಿಕಸ್ ರೇಗಿಯಸ್ ಪ್ರಕಟಿಸಿದ. 8128ರಿಂದ ಐದನೆಯದಕ್ಕೆ ಸುಮಾರು 4128 ಪಟ್ಟು ನೆಗೆತ ಬಿದ್ದದ್ದು ಇದೇ ಕಾರಣಕ್ಕೆ.

ಈ ಬಿಟ್ಟುಹೋದ ಘಾತಾಂಕವನ್ನು ನಾವು ಒಂದು ಪರೀಕ್ಷಾ ಸಾಧನವಾಗಿ ಬಳಸಬಹುದು ಎಂಬುದು ನನ್ನ ಸಲಹೆ. ಅದೇ ವಿನ್ಯಾಸದಲ್ಲಿ 2¹⁰ × 2047 ಎಂದು ಬರೆದರೆ 2096128 ಸಿಗುತ್ತದೆ. ಹೊರನೋಟಕ್ಕೆ ಇದು ಪರಿಪೂರ್ಣ ಸಂಖ್ಯೆಯಂತೆಯೇ ಇದೆ, ಆದರೆ ಅಲ್ಲ. ಇದರ ಭಾಜಕಗಳು 44, ಅವುಗಳ ಮೊತ್ತ 4421520, ಎರಡರಷ್ಟಕ್ಕಿಂತ 229264 ಹೆಚ್ಚು. ಅಂದರೆ ಇದು ಅಧಿಕ ಸಂಖ್ಯೆ. ಅಂಕಮಾಲೆ ಅವರು ಕೊಟ್ಟ ಪ್ರತಿಯೊಂದು ಹೆಸರನ್ನೂ ಇದಕ್ಕೆ ಹಚ್ಚಿ ನೋಡೋಣ. 2096128ಕ್ಕೂ ಆ ಹೆಸರು ಸಲ್ಲುವುದಾದರೆ ಅದು ವಿನ್ಯಾಸದ ಗುಣ, ಪರಿಪೂರ್ಣತೆಯ ಗುಣವಲ್ಲ. ಉದಾಹರಣೆಗೆ ಪರ್ನಿಷಿಯಸ್: 2096128ರಲ್ಲಿ ಹನ್ನೊಂದು ಒಂದುಗಳಿವೆ, 11 ಅವಿಭಾಜ್ಯ, ಆದ್ದರಿಂದ ಅದೂ ಪರ್ನಿಷಿಯಸ್. ಹರಾತ್ಮಕ ಮಾಧ್ಯ ಮಾತ್ರ ಅಲ್ಲಿ 20.86ರ ಆಸುಪಾಸಿನ ಭಿನ್ನರಾಶಿ. ಆ ಹೆಸರು ಸಲ್ಲುವುದಿಲ್ಲ.

ಬೆಸಘನ

ಬಹಳ ಒಳ್ಳೆಯ ಸಲಹೆ. ಆಕೃತಿ ಸಂಖ್ಯೆಗಳನ್ನು ನಾನು ಈ ಪರೀಕ್ಷೆಗೆ ಒಡ್ಡುತ್ತೇನೆ.

1ರಿಂದ 8191ರವರೆಗಿನ ಎಲ್ಲ ಸಂಖ್ಯೆಗಳನ್ನು ಕೂಡಿದರೆ 8191 × 8192 ÷ 2, ಅಂದರೆ 33550336. ಆದ್ದರಿಂದ ಇದು 8191ನೇ ತ್ರಿಕೋನ ಸಂಖ್ಯೆ. ಅದೇ ಗುಣಲಬ್ಧವನ್ನು ಷಡ್ಭುಜ ಸಂಖ್ಯೆಗಳ n × (2n − 1) ಎಂಬ ಸೂತ್ರದಂತೆ 4096 × (2 × 4096 − 1) ಎಂದು ಓದಿದರೆ ಇದು 4096ನೇ ಷಡ್ಭುಜ ಸಂಖ್ಯೆ. ಇನ್ನೂ ಸೊಗಸಾದದ್ದು ಘನಗಳ ಸಂಗತಿ. ಮೊದಲ 64 ಬೆಸ ಸಂಖ್ಯೆಗಳ ಘನಗಳನ್ನು, ಅಂದರೆ 1³ + 3³ + 5³ ಎಂದು 127³ರವರೆಗೆ ಕೂಡಿದರೆ ಸಿಗುವುದು 64² × (2 × 64² − 1), ಅದೂ ಇದೇ ಸಂಖ್ಯೆ.

ಈಗ 2096128: ಅದು 2047ನೇ ತ್ರಿಕೋನ ಸಂಖ್ಯೆ, 1024ನೇ ಷಡ್ಭುಜ ಸಂಖ್ಯೆ, ಮತ್ತು 1³ರಿಂದ 63³ರವರೆಗಿನ ಬೆಸ ಘನಗಳ ಮೊತ್ತ. ಮೂರೂ ಸಲ್ಲುತ್ತವೆ. ಅಂದರೆ ‘ಪರಿಪೂರ್ಣ ಸಂಖ್ಯೆಗಳು ತ್ರಿಕೋನ ಸಂಖ್ಯೆಗಳೂ ಆಗಿರುತ್ತವೆ’ ಎಂದು ಬೆರಗಿನಿಂದ ಹೇಳುವಾಗ ನಾವು ಹೇಳುತ್ತಿರುವುದು ಕೇವಲ ಬೀಜಗಣಿತ.

ಆದರೆ ಒಂದು ಕಡೆ ವ್ಯತ್ಯಾಸ ಕಾಣುತ್ತದೆ. ಒಂದು ಸಂಖ್ಯೆಯನ್ನು ಎರಡು ಅಥವಾ ಹೆಚ್ಚು ಅನುಕ್ರಮ ಧನ ಪೂರ್ಣಾಂಕಗಳ ಮೊತ್ತವಾಗಿ ಬರೆಯುವ ಬಗೆಗಳ ಎಣಿಕೆ, ಅದರ ಬೆಸ ಭಾಜಕಗಳ ಎಣಿಕೆಗಿಂತ ಒಂದು ಕಡಿಮೆ. 33550336ರ ಬೆಸ ಭಾಜಕಗಳು 1 ಮತ್ತು 8191 ಮಾತ್ರ. ಆದ್ದರಿಂದ 1 + 2 + … + 8191 ಎಂಬುದನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲ. 2096128ಕ್ಕೆ ಬೆಸ ಭಾಜಕಗಳು 1, 23, 89 ಮತ್ತು 2047. ಹಾಗಾಗಿ ಅದಕ್ಕೆ ಮೂರು ದಾರಿಗಳಿವೆ. ತ್ರಿಕೋನವಾಗಿರುವುದು ವಿನ್ಯಾಸದ ಗುಣ, ಬೇರೆ ಯಾವ ಬಗೆಯಲ್ಲೂ ಅನುಕ್ರಮ ಮೊತ್ತವಾಗದಿರುವುದು ಅವಿಭಾಜ್ಯತೆಯ ಕೊಡುಗೆ.

ಮೊದಲ ಪುಟ

ಪರಿಪೂರ್ಣ ಸಂಖ್ಯೆಗಳ ಕೊನೆಯ ಅಂಕಿ 6 ಮತ್ತು 8 ಎಂದು ಒಂದಾದ ಮೇಲೊಂದು ಬರುತ್ತದೆಂದೂ, ಒಂದಂಕಿ, ಎರಡಂಕಿ, ಮೂರಂಕಿ, ನಾಲ್ಕಂಕಿಗಳ ಸಂಖ್ಯೆಗಳಲ್ಲಿ ತಲಾ ಒಂದೊಂದು ಪರಿಪೂರ್ಣ ಸಂಖ್ಯೆ ಇರುತ್ತದೆಂದೂ ಎಲ್ಲೋ ಓದಿದ ನೆನಪು. 6, 28, 496, 8128 ನೋಡಿದರೆ ಎರಡೂ ಸರಿಯೆನಿಸುತ್ತವೆ. ಐದನೆಯದು ಇದಕ್ಕೆ ಹೊಂದುತ್ತದೆಯೇ?

ಶೇಷ

ಅದು ಕ್ರಿಸ್ತಶಕ 100ರ ಸುಮಾರಿಗೆ ಗ್ರೀಕ್ ಗಣಿತಜ್ಞ ನಿಕೋಮಾಕಸ್ ಬರೆದಿಟ್ಟ ಮಾತು. ಅವನ ಕೈಯಲ್ಲಿದ್ದದ್ದು ಆ ನಾಲ್ಕೇ ಸಂಖ್ಯೆಗಳು. ಐದನೆಯದು ಎಂಟು ಅಂಕಿಗಳದ್ದು, ಐದರದ್ದಲ್ಲ. ಆದ್ದರಿಂದ ಅಂಕಿಗಳ ಎಣಿಕೆಯ ಊಹೆ ಇಲ್ಲಿಯೇ ಬಿದ್ದುಹೋಯಿತು. ಕೊನೆಯ ಅಂಕಿಯ ಊಹೆಯನ್ನು ಮಾತ್ರ ಐದನೆಯದು ಇನ್ನೂ ಕಾಪಾಡುತ್ತದೆ, ಏಕೆಂದರೆ 6ರ ಸರದಿಗೆ 6 ಬಂದಿದೆ. ಅದನ್ನು ಕೆಡವಿದ್ದು ಆರನೆಯದು: 8589869056, ಮತ್ತೆ 6. ಏಳನೆಯದು 137438691328, ಎಂಟನೆಯದೂ 8ರಲ್ಲಿಯೇ ಮುಗಿಯುತ್ತದೆ. ಆರು ಮತ್ತು ಏಳನೆಯವನ್ನು ಕಟಾಲ್ಡಿ 1603ರಲ್ಲಿ ಪ್ರಕಟಿಸಿದ.

ನಿಜವಾದ ನಿಯಮ ಸರಳ. ಘಾತಾಂಕವನ್ನು 4ರಿಂದ ಭಾಗಿಸಿದಾಗ ಶೇಷ 1 ಬಂದರೆ ಕೊನೆಯಲ್ಲಿ 6, ಶೇಷ 3 ಬಂದರೆ ಕೊನೆಯಲ್ಲಿ 28. 13 ಮತ್ತು 17 ಎರಡಕ್ಕೂ ಶೇಷ 1. 19 ಮತ್ತು 31 ಎರಡಕ್ಕೂ ಶೇಷ 3. (ಘಾತಾಂಕ 2 ಆಗಿರುವ 6 ಮಾತ್ರ ಈ ನಿಯಮದ ಹೊರಗೆ ತನ್ನಷ್ಟಕ್ಕೆ 6ರಲ್ಲಿ ಮುಗಿಯುತ್ತದೆ.) 11ಕ್ಕೆ ಶೇಷ 3, ಆದ್ದರಿಂದ 2096128 ಕೂಡ 28ರಲ್ಲಿ ಮುಗಿಯುತ್ತದೆ. ಅಂದರೆ ಇದೂ ವಿನ್ಯಾಸದ ಗುಣವೇ.

ಭಾಜಕ ಸಂಗ್ರಹ

ಅಂಕಿಗಳ ಮೊತ್ತದ ವಿಷಯಕ್ಕೆ ಬರುತ್ತೇನೆ. 3 + 3 + 5 + 5 + 0 + 3 + 3 + 6 = 28. ಪರಿಪೂರ್ಣ ಸಂಖ್ಯೆಯ ಅಂಕಿಗಳನ್ನು ಕೂಡಿದರೆ ಪರಿಪೂರ್ಣ ಸಂಖ್ಯೆ! ಇದು ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಬೆಸಘನ

ಅರ್ಧ ಆಕಸ್ಮಿಕ, ಅರ್ಧ ನಿಯಮ. 6ನ್ನು ಬಿಟ್ಟರೆ ಉಳಿದ ಎಲ್ಲ ಸಮ ಪರಿಪೂರ್ಣ ಸಂಖ್ಯೆಗಳನ್ನೂ 9ರಿಂದ ಭಾಗಿಸಿದಾಗ ಶೇಷ 1 ಬರುತ್ತದೆ. ನಮ್ಮ ಸಂಖ್ಯೆಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು: 33550336 = 1 + 9 × 3727815, ಮತ್ತು ಆ 3727815 ಸ್ವತಃ 2730ನೇ ತ್ರಿಕೋನ ಸಂಖ್ಯೆ. ಶೇಷ 1 ಎಂದಾದ ಮೇಲೆ ಅಂಕಿಗಳ ಮೊತ್ತ 1, 10, 19, 28, 37 ಇವುಗಳಲ್ಲಿ ಒಂದಾಗಿರಲೇಬೇಕು. 28ಕ್ಕೆ 10, 496ಕ್ಕೆ 19, 8128ಕ್ಕೂ 19. ಎಂಟು ಅಂಕಿಗಳ ಸಂಖ್ಯೆಗೆ 28 ಅಥವಾ 37 ಬರುವುದು ಸಹಜ ನಿರೀಕ್ಷೆ, 28 ಬಂತು.

ಶೇಷ ಅವರ ಪರೀಕ್ಷಾ ಸಂಖ್ಯೆಯನ್ನು ಇಲ್ಲಿಯೂ ನೋಡಿ: 2 + 0 + 9 + 6 + 1 + 2 + 8 = 28. ಪರಿಪೂರ್ಣವಲ್ಲದ ಸಂಖ್ಯೆಗೂ ಅದೇ 28 ಬಂದ ಮೇಲೆ ಈ ಮೊತ್ತಕ್ಕೆ ವಿಶೇಷ ಅರ್ಥ ಹಚ್ಚಲಾಗದು.

ಹರ್ಷದ ಸಂಖ್ಯೆಯಾಗಲು ತನ್ನ ಅಂಕಿಗಳ ಮೊತ್ತವಾದ 28ರಿಂದ ನಿಶ್ಶೇಷವಾಗಿ ಭಾಗವಾಗಬೇಕು, ಅಂದರೆ 7ರಿಂದಲೂ ಭಾಗವಾಗಬೇಕು. 2¹² ಮತ್ತು 8191 ಎರಡಕ್ಕೂ 7ರಿಂದ ಭಾಗಿಸಿದಾಗ ಶೇಷ 1, ಆದ್ದರಿಂದ ಆಗುವುದಿಲ್ಲ. ಹ್ಯಾಪಿ ಸಂಖ್ಯೆಯ ಪರೀಕ್ಷೆಯಲ್ಲಿ ಅಂಕಿಗಳ ವರ್ಗಗಳನ್ನು ಕೂಡುತ್ತಾ ಹೋದರೆ 122, 9, 81, 65, 61, 37 ಎಂದು ಸಾಗಿ 4, 16, 37ರ ಸುತ್ತು ಸೇರಿಕೊಳ್ಳುತ್ತದೆ. ಹ್ಯಾಪಿ ಎನಿಸಲು ತಲುಪಬೇಕಾದ 1ನ್ನು ಮುಟ್ಟುವುದೇ ಇಲ್ಲ. ತಮಾಷೆಯೆಂದರೆ 2096128 ಮಾತ್ರ 190, 82, 68, 100, 1 ಎಂದು ನೇರವಾಗಿ ಇಳಿಯುತ್ತದೆ. ಪರಿಪೂರ್ಣವಲ್ಲದ್ದು ಹ್ಯಾಪಿ, ಪರಿಪೂರ್ಣವಾದದ್ದು ಅಲ್ಲ. ಇಂಥ ಹೆಸರುಗಳು ಹತ್ತರ ಆಧಾರವನ್ನು ಬದಲಿಸಿದೊಡನೆ ಬದಲಾಗುವಂಥವು, ಅವುಗಳ ಮೇಲೆ ಹೆಚ್ಚು ಹೊತ್ತು ಕಳೆಯುವುದರಲ್ಲಿ ನನಗೆ ಆಸಕ್ತಿಯಿಲ್ಲ.

ಭಾಜಕ ಸಂಗ್ರಹ

ಸರಿ, ಆ 28ನ್ನು ಬಿಟ್ಟುಕೊಟ್ಟೆ. ಆದರೆ ವರ್ಗಗಳ ಮೊತ್ತದ ಸಂಗತಿ ಆಧಾರವನ್ನು ಅವಲಂಬಿಸಿದ್ದಲ್ಲವಲ್ಲ. ಅದಕ್ಕೆ ಕಾರಣವೇನು?

ಎರಡರ ಘಾತ

ಮೂರು ವರ್ಗಗಳ ಮೊತ್ತವಾಗಿ ಬರೆಯಲಾಗದ ಸಂಖ್ಯೆಗಳು ಯಾವುವೆಂದು ಲೆಜಾಂಡ್ರ್ ಪ್ರಮೇಯ ಖಚಿತವಾಗಿ ಹೇಳುತ್ತದೆ. 4ರ ಯಾವುದೋ ಘಾತದಿಂದ ಭಾಗಿಸುತ್ತಾ ಹೋದಾಗ, 8ರಿಂದ ಭಾಗಿಸಿದರೆ ಶೇಷ 7 ಬರುವ ಸಂಖ್ಯೆ ಉಳಿದರೆ, ಮೂಲ ಸಂಖ್ಯೆಗೆ ನಾಲ್ಕು ವರ್ಗಗಳು ಬೇಕೇ ಬೇಕು. ನಮ್ಮಲ್ಲಿ 2¹² ಎಂದರೆ 4⁶; ಅದನ್ನು ತೆಗೆದರೆ ಉಳಿಯುವ 8191 = 8 × 1023 + 7. ಆದ್ದರಿಂದ ಮೂರು ಸಾಲದು, ನಾಲ್ಕು ಬೇಕು. ನಾಲ್ಕು ಸಾಕೆಂಬುದು ಲಗ್ರಾಂಜ್ 1770ರಲ್ಲಿ ಸಾಧಿಸಿದ ಪ್ರಮೇಯ. ಒಂದು ಉದಾಹರಣೆ ಕೊಡುತ್ತೇನೆ.

8191 = 90² + 9² + 3² + 1²

90, 9, 3, 1 ಇವನ್ನು 64ರಿಂದ ಗುಣಿಸಿದರೆ

33550336 = 5760² + 576² + 192² + 64²

28ರಿಂದ ಮುಂದಿನ ಎಲ್ಲ ಸಮ ಪರಿಪೂರ್ಣ ಸಂಖ್ಯೆಗಳಿಗೂ ಇದೇ ವಾದ ನಡೆಯುತ್ತದೆ, ಏಕೆಂದರೆ ಘಾತಾಂಕ ಬೆಸವಾದೊಡನೆ ಗುಣಕವಾಗಿ ನಿಂತ 2ರ ಘಾತ 4ರ ಘಾತವಾಗುತ್ತದೆ, ಉಳಿದದ್ದಕ್ಕೆ 8ರಿಂದ ಭಾಗಿಸಿದಾಗ ಶೇಷ 7 ಬರುತ್ತದೆ. 6 ಮಾತ್ರ 4 + 1 + 1 ಎಂದು ಮೂರರಲ್ಲಿ ಮುಗಿಸುತ್ತದೆ. 2096128ಕ್ಕೂ ನಾಲ್ಕು ಬೇಕು. ಮತ್ತೆ ವಿನ್ಯಾಸದ ಗುಣವೇ.

ಅಂಕಮಾಲೆ

ಹಾಗಾದರೆ ಪಟ್ಟಿಯಲ್ಲಿ ‘ಪ್ರಾಕ್ಟಿಕಲ್’ ಎಂಬ ಹೆಸರೊಂದು ಉಳಿದಿದೆ. ತನಗಿಂತ ಚಿಕ್ಕದಾದ ಪ್ರತಿಯೊಂದು ಸಂಖ್ಯೆಯನ್ನೂ ತನ್ನ ಬೇರೆ ಬೇರೆ ಭಾಜಕಗಳ ಮೊತ್ತವಾಗಿ ಕೊಡಬಲ್ಲ ಸಂಖ್ಯೆಗೆ ಆ ಹೆಸರು. ಅದನ್ನೂ ಯಾರಾದರೂ ಪರೀಕ್ಷೆಗೆ ಒಡ್ಡುವಿರಾ?

ಶೇಷ

ಈ ಎಳೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಎರಡರ ಘಾತ ಅವರು ತೋರಿಸಿದ ಎರಡು ಸಾಲುಗಳನ್ನು ನೆನಪಿಡಿ. ಮೊದಲ ಸಾಲಿನ 1, 2, 4 … 4096 ಇವುಗಳಿಂದ 0ಯಿಂದ 8191ರವರೆಗಿನ ಪ್ರತಿಯೊಂದು ಸಂಖ್ಯೆಯನ್ನೂ ಒಂದೇ ಬಗೆಯಲ್ಲಿ ಪಡೆಯಬಹುದು. ದ್ವಿಮಾನ ಬರವಣಿಗೆಯ ಅರ್ಥವೇ ಅದು. ಎರಡನೆಯ ಸಾಲಿನಿಂದ 8191ರ ಗುಣಕಗಳನ್ನು, ಸೊನ್ನೆ ಪಟ್ಟಿನಿಂದ 8191 ಪಟ್ಟಿನವರೆಗೆ, ಹಾಗೆಯೇ ಒಂದೇ ಬಗೆಯಲ್ಲಿ ಪಡೆಯಬಹುದು. ಹಾಗಾಗಿ ಯಾವುದೇ ಸಂಖ್ಯೆ ಕೊಟ್ಟರೂ ಅದನ್ನು 8191ರಿಂದ ಭಾಗಿಸಿ, ಭಾಗಲಬ್ಧವನ್ನು ಎರಡನೆಯ ಸಾಲಿಗೂ ಶೇಷವನ್ನು ಮೊದಲ ಸಾಲಿಗೂ ವಹಿಸಿದರಾಯಿತು.

ಹತ್ತು ಲಕ್ಷವನ್ನು ತೆಗೆದುಕೊಳ್ಳಿ. 1000000 = 8191 × 122 + 698. 122 ಎಂದರೆ 64 + 32 + 16 + 8 + 2. 698 ಎಂದರೆ 512 + 128 + 32 + 16 + 8 + 2. ಆದ್ದರಿಂದ ಹತ್ತು ಲಕ್ಷ ಎಂಬುದು 524224, 262112, 131056, 65528, 16382, 512, 128, 32, 16, 8, 2 ಎಂಬ ಹನ್ನೊಂದು ಭಾಜಕಗಳ ಮೊತ್ತ. ಕೂಡಿ ನೋಡಬಹುದು.

ಪ್ರಾಕ್ಟಿಕಲ್ ಆಗಿರುವುದು 2096128ಕ್ಕೂ ಸಲ್ಲುತ್ತದೆ, ಅದರಲ್ಲಿ ಹೆಚ್ಚುಗಾರಿಕೆಯಿಲ್ಲ. ಆದರೆ ಎಷ್ಟು ಬಗೆಗಳಲ್ಲಿ ಬರೆಯಬಹುದು ಎಂದು ಎಣಿಸಿದರೆ ಚಿತ್ರ ಬದಲಾಗುತ್ತದೆ. 26 ಭಾಜಕಗಳಿಂದ ಆಯ್ಕೆ ಮಾಡುವ ಬಗೆಗಳು 2²⁶, ಅಂದರೆ 67108864. ಸಿಗಬಹುದಾದ ಮೊತ್ತಗಳು 0ಯಿಂದ 67100672ರವರೆಗೆ, ಅಂದರೆ 67100673. ವ್ಯತ್ಯಾಸ 8191. ಈ 8191 ಹೆಚ್ಚುವರಿ ಆಯ್ಕೆಗಳು ಎಲ್ಲಿ ಅಡಗಿವೆ? ಮೊದಲ ಸಾಲು ಪೂರ್ತಿಯಾಗಿ ಕೂಡಿದಾಗ ಅದೇ 8191 ಆಗುತ್ತದೆ. ಆದ್ದರಿಂದ 8191ರ ಒಂದು ಪಟ್ಟನ್ನು ಎರಡನೆಯ ಸಾಲಿನಿಂದ ಪಡೆಯುವ ಬದಲು ಮೊದಲ ಸಾಲನ್ನು ಇಡಿಯಾಗಿ ಬಳಸಬಹುದು. ಅಂದರೆ 8191ರ ಗುಣಕಗಳಾದ 8191 ಮೊತ್ತಗಳಿಗೆ ತಲಾ ಎರಡು ಬಗೆಗಳಿವೆ, ಉಳಿದ ಎಲ್ಲ ಮೊತ್ತಗಳಿಗೂ ಒಂದೇ ಒಂದು ಬಗೆ.

33550336 ಸ್ವತಃ 8191ರ 4096 ಪಟ್ಟು, ಆದ್ದರಿಂದ ಅದಕ್ಕೂ ಎರಡು ಬಗೆಗಳಿವೆ. ಒಂದು, ಅದೇ ಭಾಜಕವನ್ನು ಒಂಟಿಯಾಗಿ ತೆಗೆದುಕೊಳ್ಳುವುದು. ಇನ್ನೊಂದರಲ್ಲಿ ಭಾಗಲಬ್ಧ 4095, ಶೇಷದ ಜಾಗದಲ್ಲಿ 8191. 4095ಕ್ಕೆ ಎರಡನೆಯ ಸಾಲಿನ ಕೊನೆಯದೊಂದನ್ನು ಬಿಟ್ಟು ಉಳಿದ ಹನ್ನೆರಡೂ ಬೇಕು, 8191ಕ್ಕೆ ಮೊದಲ ಸಾಲಿನ ಹದಿಮೂರೂ ಬೇಕು. ಅಂದರೆ ತನ್ನನ್ನು ಬಿಟ್ಟು ಉಳಿದ ಇಪ್ಪತ್ತೈದು ಭಾಜಕಗಳೂ! ಪರಿಪೂರ್ಣತೆಯ ಸಮೀಕರಣ ಎಂದರೆ ಈ ಎರಡು ಬಗೆಗಳ ಸಮಾನತೆ, ಅಷ್ಟೇ. ತನ್ನ ಚಿಕ್ಕ ಭಾಜಕಗಳಲ್ಲಿ ಒಂದನ್ನು ಕೈಬಿಟ್ಟರೂ ಈ ಸಂಖ್ಯೆ ಮರಳಿ ಸಿಗದು.

ಬೆಸಘನ

ಈ ವಿವರಣೆಯ ಜೊತೆಗೆ ಅಕ್ಕಪಕ್ಕದ ಸಂಖ್ಯೆಗಳನ್ನೂ ನೋಡಿದರೆ ಗಡಿರೇಖೆ ಸ್ಪಷ್ಟವಾಗುತ್ತದೆ. ಭಾಜಕಗಳ ಮೊತ್ತ ಎರಡರಷ್ಟಕ್ಕಿಂತ ಕಡಿಮೆಯಿದ್ದರೆ ಊನ ಸಂಖ್ಯೆ, ಹೆಚ್ಚಿದ್ದರೆ ಅಧಿಕ ಸಂಖ್ಯೆ. ನಮ್ಮ ಸಂಖ್ಯೆಯ ಅರ್ಧವಾದ 16775168ರ ಭಾಜಕಗಳ ಮೊತ್ತ 33546240. ಎರಡರಷ್ಟಾಗಲು 4096 ಸಾಲದು. ಎರಡರಷ್ಟಾದ 67100672ರ ಭಾಜಕಗಳ ಮೊತ್ತ 134209536. ಅಲ್ಲಿ 8192 ಹೆಚ್ಚು. ಯಾವುದೇ ಪರಿಪೂರ್ಣ ಸಂಖ್ಯೆಯ ಚಿಕ್ಕ ಭಾಜಕಗಳೆಲ್ಲ ಊನ, ಅದರ ದೊಡ್ಡ ಗುಣಕಗಳೆಲ್ಲ ಅಧಿಕ. ಪೂರ್ಣಾಂಕಗಳಲ್ಲಿ ಅಧಿಕ ಸಂಖ್ಯೆಗಳ ಸಾಂದ್ರತೆ ಸುಮಾರು 0.2476, ಅಂದರೆ ನಾಲ್ಕರಲ್ಲಿ ಒಂದಕ್ಕೆ ಬಹಳ ಹತ್ತಿರ. ಪರಿಪೂರ್ಣ ಸಂಖ್ಯೆಗಳದ್ದು ಸೊನ್ನೆ. 10 ಕೋಟಿಯೊಳಗೆ ಐದೇ ಐದು.

ಮೊದಲ ಪುಟ

ಈಗ ಒಟ್ಟು ಎಷ್ಟು ಪರಿಪೂರ್ಣ ಸಂಖ್ಯೆಗಳು ಗೊತ್ತಿವೆ? ಬೆಸ ಪರಿಪೂರ್ಣ ಸಂಖ್ಯೆ ಇದೆಯೇ?

ಎರಡರ ಘಾತ

ಗೊತ್ತಿರುವುದು 52. ಕೊನೆಯದು 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ, ಘಾತಾಂಕ 136279841 ಇರುವ ಮರ್ಸೆನ್ ಅವಿಭಾಜ್ಯದಿಂದ (2ರ ಘಾತದಿಂದ 1 ಕಳೆದಾಗ ಸಿಗುವ, 8191ರಂಥ ಅವಿಭಾಜ್ಯದಿಂದ) ಬರುತ್ತದೆ. ಆ ಪರಿಪೂರ್ಣ ಸಂಖ್ಯೆಗೆ ಎಂಟು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಬೆಸ ಪರಿಪೂರ್ಣ ಸಂಖ್ಯೆ ಒಂದೂ ಸಿಕ್ಕಿಲ್ಲ. ಇದ್ದರೆ ಅದು 10¹⁵⁰⁰ಕ್ಕಿಂತ ದೊಡ್ಡದಿರಬೇಕೆಂದು ಓಷೆಮ್ ಮತ್ತು ರಾವ್ 2012ರಲ್ಲಿ ತೋರಿಸಿದ್ದಾರೆ. ಆದರೆ ಅದು ಬೇರೆಯೇ ಎಳೆಗೆ ಸೇರಬೇಕಾದ ವಿಷಯ.

ಭಾಜಕ ಸಂಗ್ರಹ

ನಾನು 8191ರ ಬಗ್ಗೆ ಒಂದು ಸಂಗತಿ ಸೇರಿಸುತ್ತೇನೆ. ಇದನ್ನು 2047ಕ್ಕೆ ಹಚ್ಚಿದರೆ ಸಲ್ಲುವುದಿಲ್ಲ ಎಂಬ ಧೈರ್ಯದಿಂದ. ದ್ವಿಮಾನದಲ್ಲಿ ಹದಿಮೂರು ಒಂದುಗಳಾಗಿರುವ 8191, 90ರ ಆಧಾರದಲ್ಲಿ ಬರೆದಾಗಲೂ ಬರೀ ಒಂದುಗಳೇ: 90² + 90 + 1 = 8191. ಎರಡು ಬೇರೆ ಬೇರೆ ಆಧಾರಗಳಲ್ಲಿ ಮೂರು ಅಥವಾ ಹೆಚ್ಚು ಒಂದುಗಳಿಂದಲೇ ಬರೆಯಬಹುದಾದ ಸಂಖ್ಯೆಗಳು ಈವರೆಗೆ ಗೊತ್ತಿರುವುದು ಎರಡೇ. 31 ಒಂದು (2 ಮತ್ತು 5ರ ಆಧಾರಗಳಲ್ಲಿ), 8191 ಇನ್ನೊಂದು. ಬೇರೆ ಇಲ್ಲವೆಂಬುದು ಗೂರ್ಮಾಗ್ಟಿಗ್ ಊಹೆ, ಇನ್ನೂ ಸಾಧಿತವಾಗಿಲ್ಲ. ವಿನ್ಯಾಸದಿಂದಲೂ ಬಾರದ, ಹತ್ತರ ಆಧಾರದಿಂದಲೂ ಬಾರದ ಗುಣವೊಂದು ಇಲ್ಲಿದೆ ಎಂದು ಅಂಕಮಾಲೆ ಅವರು ಒಪ್ಪಬೇಕು.

ಅಂಕಮಾಲೆ

ಒಪ್ಪುತ್ತೇನೆ, ಮತ್ತು ಅದನ್ನು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆಯುತ್ತೇನೆ. ಅದರ ಕೆಳಗೆ ಅವಿಭಾಜ್ಯತೆಯಿಂದ ಬಂದವು: ಪರಿಪೂರ್ಣತೆ, 13 ಎಂಬ ಹರಾತ್ಮಕ ಮಾಧ್ಯ, ಒಂದೇ ಬಗೆಯ ಅನುಕ್ರಮ ಮೊತ್ತ, ಮತ್ತು ಶೇಷ ಅವರು ತೋರಿಸಿದ ಆ ಎರಡು ಬಗೆಗಳ ಲೆಕ್ಕ. ತ್ರಿಕೋನ, ಷಡ್ಭುಜ, ಬೆಸ ಘನ, ನಾಲ್ಕು ವರ್ಗ, ಕೊನೆಯ 6 ಇವೆಲ್ಲ ವಿನ್ಯಾಸದ ಪಾಲಿಗೆ.

ಒಂದು ಪ್ರಶ್ನೆ ಉಳಿಯಿತು. 3, 7, 31, 127 ಇವು ಮರ್ಸೆನ್ ಅವಿಭಾಜ್ಯಗಳು, ಮತ್ತು ಇವನ್ನೇ ಘಾತಾಂಕಗಳನ್ನಾಗಿ ಬಳಸಿದರೂ ಮತ್ತೆ ಮರ್ಸೆನ್ ಅವಿಭಾಜ್ಯಗಳೇ ಸಿಗುತ್ತವೆ. 2¹²⁷ − 1 ಅವಿಭಾಜ್ಯವೆಂದು ಲ್ಯೂಕಾ 1876ರಲ್ಲಿಯೇ ತೋರಿಸಿದ್ದರು. ಆ ಸಾಲಿನಲ್ಲಿ ಮುಂದಿನದು 8191. ಅದನ್ನು ಘಾತಾಂಕವಾಗಿಟ್ಟರೆ ಏನಾಗುತ್ತದೆ?

ಶೇಷ

ಸಾಲು ಅಲ್ಲಿಯೇ ಕಡಿದುಹೋಗುತ್ತದೆ. 2 ರ 8191ನೇ ಘಾತದಿಂದ 1 ಕಳೆದರೆ ಸಿಗುವ ಸಂಖ್ಯೆ ಸಂಯುಕ್ತವೆಂದು 1953ರಲ್ಲಿ ಗಣಕಯಂತ್ರದ ನೆರವಿನಿಂದ ತಿಳಿದುಬಂತು. ಅದರ ಒಂದು ಅವಿಭಾಜ್ಯ ಭಾಜಕ 338193759479. ನಾನು ಮೊದಲು ಹೇಳಿದ ನಿಯಮಗಳಿಗೆ ಇದು ಹೊಂದುತ್ತದೆಯೇ ಎಂದು ನೋಡಬಹುದು: ಇದರಿಂದ 1 ಕಳೆದರೆ 16382 × 20644229, ಮತ್ತು 16382 ಎಂದರೆ 8191ರ ಎರಡರಷ್ಟು; 8ರಿಂದ ಭಾಗಿಸಿದರೆ ಶೇಷ 7.

ಆದ್ದರಿಂದ 8191ನ್ನು ಘಾತಾಂಕವಾಗಿಟ್ಟು ಅದೇ ವಿನ್ಯಾಸದಲ್ಲಿ ಕಟ್ಟಿದ 4932 ಅಂಕಿಗಳ ಸಂಖ್ಯೆ ತ್ರಿಕೋನವೂ ಹೌದು, ಷಡ್ಭುಜವೂ ಹೌದು, ಬೆಸ ಘನಗಳ ಮೊತ್ತವೂ ಹೌದು, ಅದಕ್ಕೂ ನಾಲ್ಕು ವರ್ಗಗಳು ಬೇಕು, 9ರಿಂದ ಭಾಗಿಸಿದರೆ ಶೇಷ 1. 8191ನ್ನು 4ರಿಂದ ಭಾಗಿಸಿದಾಗ ಶೇಷ 3 ಬರುವುದರಿಂದ ಅದು 28ರಲ್ಲಿ ಮುಗಿಯುತ್ತದೆ. ಆದರೆ ಅದು 2096128ರ ಹಾಗೆ ಅಧಿಕ ಸಂಖ್ಯೆ.